ಹಳೆಯ ಕ್ರಮಸಂಖ್ಯೆ

ಯುರೋಪಿನ ಒಂದು ನಗರದಲ್ಲಿ ಇಬ್ಬರು ಪಾಲುದಾರರು ಧ್ವನಿಮುದ್ರಣ ಸ್ಟುಡಿಯೋಗಳಿಗೆ ಅನಲಾಗ್ ಕಂಪ್ರೆಸರ್‌ಗಳನ್ನು ತಯಾರಿಸುತ್ತಿದ್ದರು. ಹಿರಿಯನು ವಿನ್ಯಾಸಕ. ಕಿರಿಯನು ಜೋಡಣೆ, ಪರೀಕ್ಷೆ, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ.

ಗಾಯಕನ ದನಿ ಮಿತಿಮೀರಿ ಏರಿದಾಗ ಅದನ್ನು ಹದವಾಗಿ ತಗ್ಗಿಸುವುದು ಕಂಪ್ರೆಸರಿನ ಕೆಲಸ. ಇವರ ಯಂತ್ರ 1960ರ ದಶಕದ ಅಮೆರಿಕದ ವಿನ್ಯಾಸವೊಂದನ್ನು ಅನುಸರಿಸಿತ್ತು. ಧ್ವನಿಯ ಸಂಕೇತ ಒಂದು ಪುಟ್ಟ ಫಲಕವನ್ನು ಬೆಳಗಿಸುತ್ತದೆ, ಆ ಬೆಳಕು ಕ್ಯಾಡ್ಮಿಯಂ ಸಲ್ಫೈಡಿನ ಕೋಶದ ಮೇಲೆ ಬಿದ್ದು ಅದರ ರೋಧ ಇಳಿಯುತ್ತದೆ, ಧ್ವನಿ ತಗ್ಗುತ್ತದೆ. ಬೆಳಕು ಆರಿದೊಡನೆ ಮಟ್ಟ ಪೂರ್ತಿ ಮರಳುವುದಿಲ್ಲ. ಅರ್ಧದಷ್ಟು ಸುಮಾರು 60 ಮಿಲಿಸೆಕೆಂಡಿನಲ್ಲಿ ಮರಳಿದರೆ ಉಳಿದದ್ದಕ್ಕೆ ಕೆಲವು ಸೆಕೆಂಡುಗಳೇ ಬೇಕಾಗಬಹುದು. ಹೆಚ್ಚು ಹೊತ್ತು ಕಾದ ಕಾವಲಿ ತಡವಾಗಿ ಆರುವ ಹಾಗೆ, ಹೆಚ್ಚು ಹೊತ್ತು ಬೆಳಕು ಕಂಡ ಕೋಶವೂ ತಡವಾಗಿ ಚೇತರಿಸಿಕೊಳ್ಳುತ್ತದೆ. ಸ್ಟುಡಿಯೋದವರು ಮೆಚ್ಚಿದ್ದು ಈ ನಿಧಾನವನ್ನೇ. ಬೇರೆ ಬಿಡಿಭಾಗಗಳಿಂದ ಅದನ್ನು ಸಾಧಿಸುವುದು ಸುಲಭವಲ್ಲ.

ಆದರೆ ಕ್ಯಾಡ್ಮಿಯಂ ವಿಷ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆ ಸೇರಿ, ಉಂಡವರ ಮೂಳೆಗಳನ್ನು ಮುರಿಯಿತು. 1968ರಲ್ಲಿ ಅಲ್ಲಿನ ಸರ್ಕಾರ ಅದು ಮಾಲಿನ್ಯದ ರೋಗವೆಂದು ಒಪ್ಪಿತು. ಯುರೋಪಿನಲ್ಲಿ 2006ರ ಜುಲೈಯಿಂದ ವಿದ್ಯುನ್ಮಾನ ಸಾಧನಗಳ ಯಾವ ಘಟಕವಸ್ತುವಿನಲ್ಲೂ ತೂಕದ ಶೇ. 0.01ಕ್ಕಿಂತ ಹೆಚ್ಚು ಕ್ಯಾಡ್ಮಿಯಂ ಇರಕೂಡದೆಂದಾಯಿತು. ವೃತ್ತಿಪರ ಧ್ವನಿಸಾಧನಗಳ ಈ ಕೋಶಕ್ಕೆ ಮೊದಲು 2009ರ ಕೊನೆಯವರೆಗೆ, ಆಮೇಲೆ 2013ರ ಕೊನೆಯವರೆಗೆ ವಿನಾಯಿತಿ ಸಿಕ್ಕಿತು.

ವಿನ್ಯಾಸಕ ಆ ಕಾಲವನ್ನು ಬದಲಿ ಹುಡುಕಲು ಬಳಸಲಿಲ್ಲ. ಕೋಶಗಳನ್ನು ಕೊಂಡು ಕೂಡಿಟ್ಟ. ಗಡುವು ಮುಗಿದಾಗ ದಾಸ್ತಾನು ಉಳಿದಿತ್ತು, ಆರ್ಡರುಗಳೂ ಇದ್ದವು. ಗಡುವಿಗೆ ಮುಂಚೆ ಮಾರುಕಟ್ಟೆಗೆ ಬಂದ ಯಂತ್ರಗಳ ದುರಸ್ತಿಗೆ ಹಳೆಯ ಬಿಡಿಭಾಗ ಬಳಸಲು ನಿಯಮವೇ ಅವಕಾಶ ಕೊಟ್ಟಿತ್ತು. ಅವನು ಹೊಸ ಯಂತ್ರಗಳ ಮೇಲೆ ಹಳೆಯ ಕ್ರಮಸಂಖ್ಯೆ ಕೆತ್ತಿಸಿ, ಬಿಲ್ಲಿನಲ್ಲಿ ‘ದುರಸ್ತಿ’ ಎಂದು ಬರೆಸಿದ. ಬರೆದವನು ಕಿರಿಯ. ಗಿರಾಕಿಯೊಬ್ಬ ತನ್ನ ಯಂತ್ರವನ್ನು ಮಾರಹೊರಟಾಗ ಅದೇ ಸಂಖ್ಯೆಯ ಇನ್ನೊಂದು ಬೇರೆಯವರ ಬಳಿ ಇರುವುದು ಬಯಲಾಯಿತು. ಪಾಲುದಾರಿಕೆ ಮುರಿಯಿತು.

ವಿನ್ಯಾಸಕನ ಅಳಲಿನಲ್ಲಿ ಸತ್ಯವಿದೆ. ಕೋಶವೊಂದರ ಕ್ಯಾಡ್ಮಿಯಂ ಮಿಲಿಗ್ರಾಂ ಲೆಕ್ಕದ್ದು. ಅದೇ ಯುರೋಪಿನಲ್ಲಿ ಕೈಡ್ರಿಲ್ಲುಗಳ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ 2016ರ ಕೊನೆಯವರೆಗೂ ಅವಕಾಶವಿತ್ತು. ಕ್ಯಾಡ್ಮಿಯಂ ಇರುವ ಸೌರಫಲಕಗಳನ್ನು ಈ ನಿಯಮದಿಂದಲೇ ಹೊರಗಿಡಲಾಗಿತ್ತು. ಸಣ್ಣ ಕಸುಬಿನವನಿಗೆ ಇದು ಪಕ್ಷಪಾತವಾಗಿ ಕಂಡರೆ ಅವನನ್ನು ದೂರಲಾರೆ. ಆದರೆ ವಿನಾಯಿತಿ ಮುಂದುವರಿಸಬೇಕೆಂದು ಪುರಾವೆಯೊಡನೆ ಕೇಳುವ ದಾರಿಯೂ ತೆರೆದಿತ್ತು. ಅವನು ಅತ್ತ ಹೋಗಲೇ ಇಲ್ಲ. ವಾದ ಮಾಡಿದ್ದು ಸಿಕ್ಕಿಬಿದ್ದ ಮೇಲೆ.

ನಾವೂ ಹೀಗೆಯೇ. ನೋಂದಣಿ ಶುಲ್ಕ ಹೆಚ್ಚಾಯಿತೆಂದು ನಿವೇಶನದ ಬೆಲೆಯನ್ನು ಕಡಿಮೆ ಬರೆಸುವವರು, ಶುಲ್ಕ ಇಳಿಸಿ ಎಂದು ಒಂದು ಪತ್ರ ಬರೆದಿರುವುದು ಅಪರೂಪ. ನಿಯಮದ ಅನ್ಯಾಯ ನಮ್ಮ ಸುಳ್ಳಿಗೆ ಮುಂಗಡವಾಗಿ ಸಿಕ್ಕ ಕ್ಷಮೆಯಂತೆ ತೋರುತ್ತದೆ. ಅಣೆಕಟ್ಟೆಯನ್ನೋ ಅರಣ್ಯವನ್ನೋ ಉಳಿಸುವ ಕಾನೂನಿಗೆ ಕೈಯೆತ್ತುವ ನಾವು, ಅದು ನಮ್ಮ ಅಂಗಳಕ್ಕೆ ಬಂದಾಗ ‘ನನ್ನದು ಇಷ್ಟೇ ತಾನೆ’ ಎನ್ನುತ್ತೇವೆ. ಜಿಂಜು ಬಯಲಿನ ರೈತ ಯಾರ ಪಾಲು ಎಷ್ಟೆಂದು ಅಳೆದು ಉಣ್ಣಲಿಲ್ಲ.

ಕಿರಿಯ ಪಾಲುದಾರನ ಬಗ್ಗೆ ನನಗೆ ಮರುಕವೂ ಹೆಚ್ಚು, ಆಕ್ಷೇಪವೂ ಹೆಚ್ಚು. ಬೆಸುಗೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವನ ಎದುರು ಅವನಿಗೆ ನಾಲಿಗೆ ಏಳಲಿಲ್ಲ. ಗಿರಾಕಿಗಳಿಗೆ ಹಣ ಹಿಂತಿರುಗಿಸುವಾಗ ತನ್ನ ಪಾಲನ್ನು ಪೂರ್ತಿ ಕೊಟ್ಟ. ಅದು ಸಣ್ಣ ಮಾತಲ್ಲ. ಆದರೂ ವಿಚಾರಿಸಿದವರಿಗೆ ಅವನು ಹೇಳಿದ್ದು, ಹೇಳಿದಂತೆ ಬರೆದೆ ಎಂದಷ್ಟೇ. ಮೊದಲ ಬಿಲ್ಲಿನ ದಿನವೇ ಅವನು ಬರೆಯಲಾರೆ ಎಂದಿದ್ದರೆ, ವಿನ್ಯಾಸಕನಿಗೆ ಹೊಸ ಕೋಶ ಹುಡುಕದೆ ಗತ್ಯಂತರವಿರುತ್ತಿರಲಿಲ್ಲ.