ಹಿಡಿದದ್ದೆಲ್ಲ ತಿಳಿದಂತೆಯೇ?

ಕೀಟಗಳನ್ನು ಹುಡುಕಿ, ಹಿಡಿದು, ಅಧ್ಯಯನ ಮಾಡುವ ವಿಡಿಯೋ ಗೇಮ್‌ಗಳಿವೆ. ಅಭಿಮಾನಿಗಳೇ ಲಾಭದ ಆಸೆಯಿಲ್ಲದೆ ತಯಾರಿಸಿ ಹಂಚುವ ಪುಟ್ಟ ಆಟಗಳೂ ಇವೆ. ಗಂಟೆಯೊಳಗೆ ಅಂಥದೊಂದನ್ನು ಮುಗಿಸಿದವನು ಕೀಟಗಳ ಬಗ್ಗೆ ಏನನ್ನಾದರೂ ಕಲಿತನೆನ್ನಬಹುದೇ?

ಈ ಬಗೆಯ ಆಟಗಳಲ್ಲಿ ಬಹಳ ಹೆಸರಾದದ್ದು ಪೋಕಿಮಾನ್. ಅದರ ಹಿಂದೆ ಒಂದು ಬಾಲ್ಯವಿದೆ. ಜಪಾನಿನ ಸತೋಶಿ ತಜಿರಿ ಟೋಕಿಯೋ ಹೊರವಲಯದ ಮಚಿದಾದಲ್ಲಿ ಕೀಟ ಹಿಡಿಯುತ್ತಾ ಬೆಳೆದವರು. ನಗರ ಬೆಳೆದಂತೆ ಅಲ್ಲಿನ ಗದ್ದೆ, ಕೊಳಗಳು ಮರೆಯಾದವು. ತಾನು ಕಂಡ ಸಂತೋಷ ಮುಂದಿನ ಮಕ್ಕಳಿಗೂ ಸಿಗಲೆಂದು ಅವರು ರೂಪಿಸಿದ ಆಟ 1996ರಲ್ಲಿ ಹೊರಬಂತು. ಅದರಲ್ಲಿದ್ದುದು 151 ಜೀವಿಗಳು. ಒಂದನ್ನು ಹಿಡಿದರೆ ಸಾಕು, ಅದರ ವಿವರ ತಾನಾಗಿ ದಾಖಲಾಗುತ್ತದೆ.

ನಿಜವಾದ ಅಧ್ಯಯನ ಹೀಗಲ್ಲ. ಫ್ರಾನ್ಸಿನ ಜೀನ್ ಹೆನ್ರಿ ಫ್ಯಾಬ್ರೆ 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ನೆಲೆಸಿ, ಕಣಜ, ಸಗಣಿ ಹುಳುಗಳ ಬದುಕನ್ನು ದಶಕಗಳ ಕಾಲ ಗಮನಿಸಿದರು. ವಿಜ್ಞಾನ ಇದುವರೆಗೆ ಹೆಸರಿಟ್ಟ ಕೀಟ ಪ್ರಭೇದಗಳೇ ಸುಮಾರು 10 ಲಕ್ಷ.

ಆಟದ ಕೀಟ ಇರುವುದೇ ನಮಗಾಗಿ. ಹಿತ್ತಿಲ ಕೀಟಕ್ಕೆ ನಮ್ಮ ಹಂಗಿಲ್ಲ, ಅದಕ್ಕೆ ಅದರದೇ ಕೆಲಸವಿದೆ. ಅಲ್ಲಿ ಕಾಯಬೇಕಾದವರು ನಾವು. ನಮಗೆ ಪ್ರಯೋಜನವಿಲ್ಲದ ಜೀವಿಗೂ ಬದುಕುವ ಹಕ್ಕಿದೆಯೆಂಬ ಅರಿವು ಈ ಕಾಯುವಿಕೆಯಿಂದ ಹುಟ್ಟುತ್ತದೆ.

ಹಾಗೆಂದು ಆಟವನ್ನು ಹಳಿಯಬೇಕಿಲ್ಲ. ಅದರಲ್ಲಿ ಯಾವ ಚಿಟ್ಟೆಯ ರೆಕ್ಕೆಯೂ ಮುರಿಯುವುದಿಲ್ಲ. ಆದರೆ ಕೊಳ ಮುಚ್ಚಿದರೇನಂತೆ, ಆಟವಿದೆಯಲ್ಲ ಎಂದು ನಾವು ಸಮಾಧಾನಪಟ್ಟುಕೊಂಡರೆ ಅದು ಅಪಾಯ. ಆಟ ಮುಗಿಸಿದ ಮಗು ಹೊರಗೆ ಬಂದು ಗಿಡದ ಎಲೆ ಮಗುಚಿ ನೋಡಿತೇ? ಹಾಗೆ ನೋಡಲು ಅದಕ್ಕೊಂದು ಗಿಡವನ್ನು ನಾವು ಉಳಿಸಿದ್ದೇವೆಯೇ?