ಕಂಡ ಮೇಲೆ ಒಪ್ಪಿದ ದೋಷ



ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಹೇಳುವಾಗ ಉಮಾಸ್ವಾಮಿಗಳು ಆಲೋಚನೆಯನ್ನು ಮೊದಲಿಟ್ಟರು. ಉಪವಾಸಾದಿ ತಪಸ್ಸನ್ನು ಆರನೆಯದಾಗಿ ಇಟ್ಟರು. ಇಲ್ಲಿ ಆಲೋಚನೆಯೆಂದರೆ ಚಿಂತನೆಯಲ್ಲ, ತಾನೆಸಗಿದ ದೋಷವನ್ನು ಗುರುಸನ್ನಿಧಿಯಲ್ಲಿ ಮುಚ್ಚುಮರೆಯಿಲ್ಲದೆ ಅರುಹುವುದು. ಒಳಗೆ ಮುಳ್ಳನ್ನುಳಿಸಿಕೊಂಡು ಎಷ್ಟು ದಿನ ಅನ್ನ ಬಿಟ್ಟರೇನು?

ಈ ಮಾತು ಮನೆಮಂದಿಗೆ ಎಷ್ಟೋ, ಅನ್ಯರ ಹಣವನ್ನಿಟ್ಟುಕೊಂಡು ದೊಡ್ಡ ಕಂಪೆನಿ ನಡೆಸುವ ಹಿರಿಯರಿಗೂ ಅಷ್ಟೇ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಇನ್ನೊಂದು. ಸುಳ್ಳು ಲೆಕ್ಕ ಬರೆಯುವುದು ಮೊದಲನೆಯದು. ನಂಬಿ ಇಟ್ಟ ಗಂಟನ್ನು ನುಂಗುವುದು ಎರಡನೆಯದು. ಷೇರುದಾರನ ಹಣ ನ್ಯಾಸವಲ್ಲದೆ ಮತ್ತೇನು?

ಹೈದರಾಬಾದಿನ ಒಂದು ಕಂಪೆನಿಯನ್ನು ನೆನೆಯಿರಿ. ಹೆಸರೇ ಸತ್ಯಂ! ಅದರ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ಸುಮಾರು 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಒಪ್ಪಿದರಲ್ಲ ಎಂದು ಕೆಲವರು ಮೆಚ್ಚಿದ್ದುಂಟು. ಆದರೆ ಯಾವಾಗ ಒಪ್ಪಿದರು? ಹಿಂದಿನ ಡಿಸೆಂಬರಿನಲ್ಲಿ ತಮ್ಮ ಕುಟುಂಬದ ಎರಡು ಕಂಪೆನಿಗಳನ್ನು ಕೊಂಡು ಆ ತೂತನ್ನು ಮುಚ್ಚಲು ಹೊರಟು, ಹೂಡಿಕೆದಾರರು ತಡೆದ ಮೇಲೆ. 2015ರಲ್ಲಿ ವಿಶೇಷ ನ್ಯಾಯಾಲಯವು ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು.

ಮೂಲಾರಾಧನೆಯು ಆಲೋಚನೆಗೆ ಹತ್ತು ದೋಷಗಳನ್ನು ಹೇಳಿದೆ. ಅನ್ಯರು ಕಂಡದ್ದನ್ನು ಮಾತ್ರ ಒಪ್ಪುವುದು ಒಂದು. ಅದಕ್ಕೆ ದೃಷ್ಟವೆಂದು ಹೆಸರು. ಕಾಣುವುದು ಖಚಿತವಾದ ಮೇಲೆ ಒಪ್ಪುವುದೂ ಅದರ ಸೋದರನೇ. ಕಿರಿದನ್ನು ಹೇಳಿ ಹಿರಿದನ್ನು ಮರೆಸುವುದು ಸೂಕ್ಷ್ಮ: ಗುಮಾಸ್ತನ ಅಜಾಗರೂಕತೆಯಾಯಿತು ಎನ್ನುವ ನಿರ್ದೇಶಕರೆಲ್ಲ ಈ ಪಂಕ್ತಿಯವರು. ಗದ್ದಲದ ನಡುವೆ ಗುರುವಿಗೆ ಕೇಳಿಸದಂತೆ ನುಡಿಯುವುದು ಶಬ್ದಾಕುಲಿತ. ವಾರ್ಷಿಕ ವರದಿಯ ಕೊನೆಯ ಪುಟದ ಸಣ್ಣಕ್ಷರಗಳನ್ನು ಓದುವಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ.

ನುಡಿದರೆ ಮುಗಿಯಲಿಲ್ಲ. ತಪಸ್ಸಿನ ಮುಂದಿನ ಭೇದವೇ ಛೇದ. ತಪ್ಪಿದ ಮುನಿಯ ದೀಕ್ಷಾಕಾಲವನ್ನು ಕಡಿದುಬಿಡುತ್ತಾರೆ. ನಿನ್ನೆ ಕಿರಿಯನಾಗಿದ್ದವನು ಇಂದು ಹಿರಿಯನಾಗುತ್ತಾನೆ. ನಮ್ಮ ಕಂಪೆನಿಗಳಲ್ಲಿ ಸಾಮಾನ್ಯವಾಗಿ ಕೆಳಗಿನವನ ಕೆಲಸ ಹೋಗುತ್ತದೆ, ಮೇಲಿನವನ ಪೀಠ ಅಲುಗುವುದಿಲ್ಲ.

ಜಪಾನಿನ ನಿಂಟೆಂಡೊ ಕಂಪೆನಿಯ ಅಧ್ಯಕ್ಷರಾಗಿದ್ದ ಸತೋರು ಇವಾಟ ಅಣುವ್ರತಗಳನ್ನು ಓದಿದವರೆಂದು ನಾನು ಹೇಳಲಾರೆ. ಅವರಿಂದಾದದ್ದು ಪಾಪವೂ ಅಲ್ಲ, ಎಣಿಕೆಯ ತಪ್ಪು. ಆದರೂ 2011ರಲ್ಲಿ ಹೊಸ ಆಟದ ಯಂತ್ರವೊಂದರ ಬೆಲೆಯನ್ನು ಆರೇ ತಿಂಗಳಲ್ಲಿ ಇಳಿಸಬೇಕಾಗಿ ಬಂದಾಗ ತಮ್ಮ ವೇತನವನ್ನು ಅರ್ಧಕ್ಕಿಳಿಸಿಕೊಂಡರು. 2014ರಲ್ಲಿ ವ್ಯಾಪಾರ ಮತ್ತೆ ಕುಸಿದಾಗ ಐದು ತಿಂಗಳು ಪುನಃ ಹಾಗೆಯೇ ಮಾಡಿದರು.