ಗುಣವಾಗದ ಕಾಲು, ಸೋಲದ ಮನಸ್ಸು



ಮನೆಯಲ್ಲಿ ನಡೆಯಲಾಗದ ಕೂಸೊಂದಿದ್ದರೆ ಆ ಮನೆಯ ಪ್ರಾರ್ಥನೆ ಬಹುಪಾಲು ಒಂದೇ ಆಗಿರುತ್ತದೆ: "ಸ್ವಾಮೀ, ಈ ಕೂಸು ಎದ್ದು ನಡೆಯುವಂತೆ ಮಾಡು." ತಾಯಿ ಹರಕೆ ಹೊರುತ್ತಾಳೆ. ತಂದೆ ಸಾಲ ಮಾಡಿ ದವಾಖಾನೆಗಳಿಗೆ ಅಲೆಯುತ್ತಾನೆ. ಯಾರೋ ಹೇಳಿದ ಪ್ರಾರ್ಥನಾ ಕೂಟಕ್ಕೆ ಕೂಸನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ವರ್ಷಗಳು ಉರುಳುತ್ತವೆ, ಕಾಲಿಗೆ ಶಕ್ತಿ ಬರುವುದಿಲ್ಲ. ಆಗ ಮನೆಯವರನ್ನು ಎರಡು ಪ್ರಶ್ನೆಗಳು ಕಾಡತೊಡಗುತ್ತವೆ. ದೇವರು ನಮ್ಮ ಮೊರೆಯನ್ನು ಕೇಳಲಿಲ್ಲವೇ? ಇದು ಯಾರ ಪಾಪದ ಫಲ?

ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನಮ್ಮ ನಾಡಿನ ಒಬ್ಬ ಕ್ರೀಡಾಪಟುವಿನ ಜೀವನವನ್ನು ಧ್ಯಾನಿಸೋಣ. ಅವರ ಹೆಸರು ಮಾಲತಿ ಕೃಷ್ಣಮೂರ್ತಿ ಹೊಳ್ಳ.

ಮಾಲತಿಯವರು ಹುಟ್ಟಿದ್ದು 1958ರ ಜುಲೈ 6ರಂದು, ಬೆಂಗಳೂರಿನಲ್ಲಿ. ಇನ್ನೂ ಎಳೆಗೂಸಾಗಿದ್ದಾಗಲೇ ಪೋಲಿಯೋ ಜ್ವರ ಬಂದು ಅವರ ದೇಹದ ಶಕ್ತಿಯನ್ನು ಕಸಿದುಕೊಂಡಿತು. ಎರಡು ವರ್ಷಗಳಿಗೂ ಹೆಚ್ಚು ಕಾಲ ವಿದ್ಯುತ್ ಚಿಕಿತ್ಸೆ ನಡೆಯಿತು. ಅದರಿಂದ ದೇಹದ ಮೇಲ್ಭಾಗಕ್ಕೆ ಬಲ ಬಂದರೂ ಸೊಂಟದ ಕೆಳಗೆ ಬರಲಿಲ್ಲ. ಮನೆಯಿಂದ ದೂರ, ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಅವರು 15 ವರ್ಷ ಕಳೆಯಬೇಕಾಯಿತು. ಜೀವನದಲ್ಲಿ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಅವರು ಸಹಿಸಿದ್ದಾರೆ. ನಮ್ಮ ಮಕ್ಕಳು ಆಟವಾಡುತ್ತಾ ಬೆಳೆಯುವ ವರ್ಷಗಳನ್ನು ಅವರು ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದರು.

ಮುಂದೆ ಬೆಂಗಳೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿ, ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಪಡೆದರು. ಜೊತೆಗೆ ಕ್ರೀಡಾಂಗಣಕ್ಕೂ ಇಳಿದರು. ಗಾಲಿಕುರ್ಚಿಯ ಓಟ, ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತ ಇವು ಅವರು ಆರಿಸಿಕೊಂಡ ಆಟಗಳು. ನಿಂತು ಭರ್ಜಿ ಎಸೆಯುವವನಿಗೆ ಓಟದ ವೇಗ, ಕಾಲಿನ ಒತ್ತು, ಸೊಂಟದ ತಿರುವು ಎಲ್ಲವೂ ನೆರವಾಗುತ್ತವೆ. ಕುಳಿತು ಎಸೆಯುವವರಿಗೆ ಬೆನ್ನು, ಭುಜ, ತೋಳುಗಳಷ್ಟೇ ಆಧಾರ. ಇರುವ ಆ ಅಲ್ಪವನ್ನೇ ಅವರು ದಿನದಿನವೂ ಪಳಗಿಸಿದರು. 1988ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ, 1992ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. 1989ರಲ್ಲಿ ಡೆನ್ಮಾರ್ಕಿನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ ಚಿನ್ನದ ಪದಕಗಳನ್ನು ಗೆದ್ದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದವು.

ಇವರ ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ನೋಡೋಣ. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ 1940ರಲ್ಲಿ ಹುಟ್ಟಿದ ವಿಲ್ಮಾ ರುಡಾಲ್ಫ್ ಬಡ ಕಪ್ಪು ಜನರ ಮನೆಯ ಮಗಳು. ಆಕೆಗೂ ಎಳವೆಯಲ್ಲೇ ಪೋಲಿಯೋ ತಗುಲಿ ಎಡಗಾಲು ಸೋತಿತು. ತಾಯಿ ಮಗಳನ್ನು ದೂರದ ನಗರದ ಆಸ್ಪತ್ರೆಗೆ ತಪ್ಪದೆ ಕರೆದೊಯ್ದಳು. ಮನೆಯವರು ಸರದಿಯ ಮೇಲೆ ದಿನವೂ ಆ ಕಾಲನ್ನು ತಿಕ್ಕಿದರು. ಹನ್ನೆರಡರ ಹೊತ್ತಿಗೆ ಹುಡುಗಿ ಆಸರೆಯಿಲ್ಲದೆ ನಡೆದಳು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಓಟದಲ್ಲಿ ಮೂರು ಚಿನ್ನದ ಪದಕ ಗೆದ್ದಳು.

ಪ್ರಿಯರೇ, ಒಂದೇ ರೋಗ. ಒಬ್ಬರಿಗೆ ಕಾಲು ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಹಾಗಾದರೆ ದೇವರು ಒಬ್ಬರನ್ನು ಪ್ರೀತಿಸಿ ಇನ್ನೊಬ್ಬರನ್ನು ಮರೆತರೇ?

ಸಂತ ಪೌಲರನ್ನು ನೆನೆಯಿರಿ. ತಮ್ಮ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆಯುವಂತೆ ಅವರು ಮೂರು ಸಲ ಪ್ರಭುವನ್ನು ಬೇಡಿದರು. ಮುಳ್ಳು ಹೋಗಲಿಲ್ಲ. ಅದನ್ನು ಹೊತ್ತು ನಡೆಯಲು ಬೇಕಾದ ಕೃಪೆ ಮಾತ್ರ ದೊರೆಯಿತು. ಅಪೊಸ್ತಲರ ಪ್ರಾರ್ಥನೆಗೇ ಇಂಥ ಉತ್ತರ ಬಂದಿರುವಾಗ, ಗುಣವಾಗದಿದ್ದುದನ್ನು ನಾವು ದೇವರ ಮೌನವೆಂದು ತಿಳಿಯಬೇಕಾಗಿಲ್ಲ.

ಎರಡನೆಯ ಪ್ರಶ್ನೆಗೆ ಯೇಸುಸ್ವಾಮಿಯೇ ಉತ್ತರ ಕೊಟ್ಟಿದ್ದಾರೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ, ಇವನ ಹೆತ್ತವರ ಪಾಪವೋ ಎಂದು ಕೇಳಿದರು. ಪ್ರಭು ಎರಡನ್ನೂ ತಳ್ಳಿಹಾಕಿದರು. ದೇವರ ಕಾರ್ಯ ಈತನಲ್ಲಿ ಕಾಣಿಸಬೇಕೆಂದು ತಿಳಿಸಿದರು. ಇಷ್ಟು ಸ್ಪಷ್ಟವಾದ ಉತ್ತರವಿದ್ದರೂ ನಾವು ಇಂದಿಗೂ ಹೆತ್ತ ತಾಯಿಯತ್ತ ಬೆರಳು ತೋರಿಸುತ್ತೇವೆ. ಇದು ನಮ್ಮ ವಿಶ್ವಾಸಕ್ಕೆ ತಕ್ಕುದಲ್ಲ.

ನಮ್ಮ ಧರ್ಮಸಭೆ ನಾಲ್ಕು ಮೂಲ ಸದ್ಗುಣಗಳಲ್ಲಿ ಸ್ಥೈರ್ಯವನ್ನೂ ಎಣಿಸುತ್ತದೆ. ಸ್ಥೈರ್ಯವೆಂದರೆ ಮುನ್ನುಗ್ಗಿ ಹೋರಾಡುವುದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಸಂತ ತೋಮಸ್ ಅಕ್ವಿನಾಸರ ಬೋಧನೆ ಬೇರೆ. ಎರಗುವುದಕ್ಕಿಂತ ತಾಳಿಕೊಳ್ಳುವುದೇ ಸ್ಥೈರ್ಯದ ಮುಖ್ಯ ಕ್ರಿಯೆ ಎನ್ನುತ್ತಾರೆ ಅವರು. ಎರಗುವವನಿಗೆ ತಾನೇ ಬಲಶಾಲಿ ಎಂಬ ಭಾವನೆಯಿರುತ್ತದೆ. ಅಪಾಯ ಇನ್ನೂ ಮುಂದಿರುತ್ತದೆ. ಹೊಡೆತ ಕ್ಷಣದಲ್ಲಿ ಮುಗಿಯುತ್ತದೆ. ತಾಳಿಕೊಳ್ಳುವವನ ಎದುರಿಗಿರುವುದು ತನಗಿಂತ ಬಲವಾದದ್ದು. ಅದು ಈಗಾಗಲೇ ಮೈಮೇಲೆ ಬಂದಿದೆ. ಯಾವಾಗ ಮುಗಿಯುವುದೋ ತಿಳಿಯದು. ಮಾಲತಿಯವರ 15 ವರ್ಷಗಳ ಆಸ್ಪತ್ರೆ ವಾಸವನ್ನು ಈ ಬೆಳಕಿನಲ್ಲಿ ನೋಡಿರಿ. ಅವರ ದೊಡ್ಡ ಗೆಲುವು ಸೋಲ್‌ನಲ್ಲಾಗಲಿ ಡೆನ್ಮಾರ್ಕಿನಲ್ಲಾಗಲಿ ಆದದ್ದಲ್ಲ. ಯಾರೂ ಚಪ್ಪಾಳೆ ತಟ್ಟದ ಆ ಹಾಸಿಗೆಯ ಮೇಲೆಯೇ ಅದು ಆಗಿತ್ತು.

ಇನ್ನೊಂದು ಮಾತು. ತಾಳ್ಮೆ ಒಂಟಿಯಾಗಿ ಬೆಳೆಯುವುದಿಲ್ಲ. ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದು, ಚಾವಣಿ ತೆಗೆದು, ಯೇಸುವಿನ ಮುಂದೆ ಇಳಿಸಿದರು. ಶುಭಸಂದೇಶವು ಅವರೆಲ್ಲರ ವಿಶ್ವಾಸವನ್ನು ಕೊಂಡಾಡುತ್ತದೆ. ಮಾಲತಿಯವರನ್ನೂ ಹೆತ್ತವರು, ವೈದ್ಯರು, ಗೆಳೆಯರು ಹೊತ್ತರು. ಮುಂದೆ ಅವರು ಗೆಳೆಯರೊಡನೆ 'ಮಾತೃ ಫೌಂಡೇಷನ್' ಕಟ್ಟಿ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಹೊರಿಸಿಕೊಂಡು ಬಂದವರೇ ಇತರರನ್ನು ಹೊರುವವರಾದರು. ಅವರು ನಮ್ಮ ಧರ್ಮದವರಲ್ಲದಿರಬಹುದು. ಆದರೆ ಸಮಾರ್ಯದವನ ಕಥೆಯನ್ನು ಅರಿತವರಿಗೆ ಇದು ಹೊಸತಲ್ಲ.

ಈಗ ನಮ್ಮ ಊರುಗಳ ಕಡೆಗೆ ತಿರುಗೋಣ. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ರೋಗ ಹೋಯಿತು, ಅದು ಮುಟ್ಟಿ ಹೋದ ಜನ ನಮ್ಮ ನಡುವೆ ಇದ್ದಾರೆ. ಮಟಕಿಯಂಥ ಊರಲ್ಲಿ, ಆಳಂದ, ಅಫಜಲಪುರ, ಜೇವರ್ಗಿಯ ಓಣಿಗಳಲ್ಲಿ ತೊಗರಿ ರಾಶಿಯ ದಿನ ಎಲ್ಲರೂ ಹೊಲಕ್ಕೆ ಹೋದಾಗ ಪಡಸಾಲೆಯಲ್ಲಿ ಒಂಟಿಯಾಗಿ ಉಳಿಯುವವರು ಇವರೇ. ಹುಟ್ಟಿನಿಂದ ಬೇರೆ ಕೊರತೆಗಳಿರುವ ಮಕ್ಕಳೂ ಅವರ ಜೊತೆಗಿದ್ದಾರೆ.

ತಂದೆತಾಯಂದಿರೇ, ಅಂಥ ಕೂಸನ್ನು ಒಳಗೆ ಅಡಗಿಸಬೇಡಿರಿ. ಪ್ರಾರ್ಥನೆ ಬಿಡಬೇಡಿರಿ, ಚಿಕಿತ್ಸೆಯನ್ನೂ ಬಿಡಬೇಡಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಇದು ಯಾರೂ ಹಾಕುವ ಭಿಕ್ಷೆಯಲ್ಲ.

ಆದರೆ ಮಾಲತಿಯವರನ್ನು ತೋರಿಸಿ, "ನೀನೂ ಹೀಗೆ ಪದಕ ತಾ" ಎಂದು ಮಗುವನ್ನು ಒತ್ತಾಯಿಸಬೇಡಿರಿ. ಪದಕ ಬಾರದ ಮಗುವೂ ದೇವರ ಪ್ರತಿರೂಪವೇ. ತನ್ನ ಕೈಯಿಂದ ತಾನೇ ತುತ್ತು ಎತ್ತಿದ ದಿನ ಆ ಮನೆಗೆ ಹಬ್ಬವಾಗಲಿ.

ಧರ್ಮಕೇಂದ್ರದ ಜನರೇ, ನಮ್ಮ ದೇವಾಲಯದ ಬಾಗಿಲಲ್ಲಿ ಎಷ್ಟು ಮೆಟ್ಟಿಲುಗಳಿವೆ, ಎಣಿಸಿ ನೋಡಿರಿ. ಪಕ್ಕದಲ್ಲಿ ಗಾಲಿಕುರ್ಚಿ ಏರುವಂಥ ಇಳಿಜಾರು ದಾರಿಯಿದೆಯೇ? ಭಾನುವಾರ ಬಲಿಪೂಜೆಗೆ ಬರಲಾಗದವರನ್ನು ಕರೆತರಲು ನಾಲ್ವರು ಯುವಕರು ಸಿದ್ಧರಿದ್ದಾರೆಯೇ? ಅವರು ಬಂದಾಗ ಹಿಂದಿನ ಮೂಲೆಯಲ್ಲಿ ಕೂರಿಸದೆ, ವಾಚನ ಓದಲು ಮುಂದೆ ಕರೆಯೋಣ.

ಗುಣವಾಗದ ಕಾಯಗಳನ್ನೂ ತನ್ನ ಆಲಯವಾಗಿ ಮಾಡಿಕೊಳ್ಳುವ ಪವಿತ್ರಾತ್ಮರು ನಮಗೆ ತಾಳುವ ಬಲವನ್ನೂ ಹೊರುವ ಹೆಗಲನ್ನೂ ಕೊಡಲಿ. ಆಮೆನ್.